ಕುಂದನ್ನು ಮೊದಲು ಹೇಳುತ್ತಿದ್ದ ಸರದಾರಭಾಯಿ

ಮಾರಲು ಕುಳಿತವರು ತಮ್ಮ ಸರಕಿನ ಗುಣಗಾನ ಮಾಡುವುದು ಲೋಕರೂಢಿ. ಅದರ ಕುಂದುಕೊರತೆಗಳನ್ನು ಬೆರಳು ಮಡಿಸಿ ಒಂದೊಂದಾಗಿ ಹೇಳಿ, ಕೊಳ್ಳಲು ಬಂದವನ ಮುಖ ಸಪ್ಪಗಾದ ಮೇಲೆಯೇ ಸಮಾಧಾನದ ಉಸಿರು ಬಿಡುವ ವ್ಯಾಪಾರಿಯನ್ನು ಮಾತ್ರ ನಾನು ಈ ಜನ್ಮದಲ್ಲಿ ಒಬ್ಬರನ್ನೇ ಕಂಡೆ. ಅವರು ಗಡಿನಾಡಿನ ಜತ್ತ ಪೇಟೆಯಲ್ಲಿ ರದ್ದಿ ಕಾಗದದ ಅಂಗಡಿ ಇಟ್ಟಿದ್ದ ಸೋನ್ಯಾಳದ ಸರದಾರ ಅತ್ತಾರರು. ಊರವರ ಬಾಯಲ್ಲಿ ಸರದಾರಭಾಯಿ. ಅವರ ಅಂಗಡಿಯ ರಾಶಿಯಿಂದ ಯಾರಾದರೂ ಹಳೆಯ ಶಬ್ದಕೋಶವೊಂದನ್ನು ಆಸೆಯಿಂದ ಎತ್ತಿಕೊಂಡರೆ, "ಇದರಾಗ ಕಡೀ ಅಕ್ಷರ ಇಲ್ರಿ, ಇಲಿ ತಿಂದದ" ಎಂಬ ಮಾತು ಬೆಲೆಗಿಂತ ಮೊದಲು ಬರುತ್ತಿತ್ತು. ಯಾಕೆ ಹೀಗೆಂದು ಕೇಳಿದರೆ, "ಮೊದಲ ಹುಣ್ಣ ತೋರಸಬೇಕ್ರಿ, ಆಮ್ಯಾಲ ಚಂದದ ಮಾರಿ" ಎನ್ನುತ್ತಿದ್ದರು.

ಈ ನೇಮಕ್ಕೆ ಮನೆಯವರೂ ಹೊರತಾಗಿರಲಿಲ್ಲ. ಹಿರಿಯ ಮಗಳು ಹುಸ್ನಾಳನ್ನು ನೋಡಲು ವರನ ಕಡೆಯವರು ಬಂದಾಗ, ಚಹದ ಬಟ್ಟಲು ಕೆಳಗಿಡುವ ಮುನ್ನವೇ, "ಹುಡಿಗಿಗಿ ಎಡಗಣ್ಣ ಮಂದ ಅದ, ಚಸ್ಮಾ ಬೇಕಾಗ್ತದ. ಸಿಟ್ಟು ಭಾಳ. ರೊಟ್ಟಿ ದಪ್ಪ ಬಡೀತಾಳ" ಎಂದು ಒಪ್ಪಿಸಿಬಿಟ್ಟರಂತೆ. ಒಳಗಿದ್ದ ಅವರ ಹೆಂಡತಿ ಕಾಸೀಂಬಿ ಹಣೆ ಹಣೆ ಬಡಿದುಕೊಂಡರು. ವರನ ತಂದೆ ನಕ್ಕು, "ಚಲೋದೇನ ಅದ, ಅದನ್ನೂ ಹೇಳ್ರಲಾ" ಎಂದದ್ದಕ್ಕೆ, "ಅದನ್ನ ನಿಮ್ಮ ಮನ್ಯಾಗ ಇಟಗೊಂಡ ನೀವ ನೋಡ್ರಿ" ಎಂಬ ಉತ್ತರ. ಮದುವೆ ಆಯಿತು. ಆ ಬೀಗರು ಮುಂದೆ ಎಮ್ಮೆ ಕೊಳ್ಳುವಾಗಲೂ ಸರದಾರಭಾಯಿಯನ್ನೇ ಕರೆದುಕೊಂಡು ಹೋಗುತ್ತಿದ್ದರು.

ಅವರು ನೆಟ್ಟಗೆ ನಡೆದದ್ದನ್ನು ನಾನು ನೋಡಿಲ್ಲ. ಎದೆಯೆತ್ತರದ ರದ್ದಿ ರಾಶಿಗಳ ನಡುವಿನ ಒಂದು ಮೊಳದ ಹಾದಿಯಲ್ಲಿ ಮೂವತ್ತು ವರ್ಷ ಓಡಾಡಿದ ಆ ದೇಹ ಬಲಭುಜವನ್ನು ಮುಂದೆ ಮಾಡಿ, ಎಡಭುಜವನ್ನು ಹಿಂದೆ ಎಳೆದುಕೊಂಡು, ಏಡಿಯಂತೆ ಅಡ್ಡಡ್ಡ ಸರಿಯುವುದನ್ನೇ ಸಹಜಗತಿಯೆಂದು ಕಲಿತುಬಿಟ್ಟಿತ್ತು. ಸೋನ್ಯಾಳದ ಬಟಾಬಯಲಿನಲ್ಲಿ, ಎರಡೂ ಬದಿಗೆ ಹರದಾರಿಗಟ್ಟಲೆ ಖಾಲಿ ಜೋಳದ ಹೊಲವಿರುವಲ್ಲಿಯೂ, ಯಾವುದೋ ಅದೃಶ್ಯ ರಾಶಿಗೆ ಮೈ ತಾಗೀತೆಂಬಂತೆ ಅವರು ಓರೆಯಾಗಿಯೇ ನಡೆಯುತ್ತಿದ್ದರು. ಮೈಮೇಲೆ ಬೇಸಿಗೆಯಲ್ಲೂ ಒಂದು ಖಾಕಿ ಕೋಟು. ಅದರ ಜೇಬುಗಳಲ್ಲಿ ಭೂತಗನ್ನಡಿ, ಆಡಿನ ಕೂದಲಿನ ಕುಂಚ, ಒಂದು ಅಡಿಪಟ್ಟಿ, ಮೈದಾ ಗಂಜಿಯ ಸಣ್ಣ ಡಬ್ಬಿ. ಏಪ್ರಿಲ್ ತಿಂಗಳ ಜತ್ತದ ಬಿಸಿಲಿನಲ್ಲಿ ಅದನ್ನು ತೊಡುವುದು ತಪಸ್ಸೇ ಸರಿ.

ನಾನು ಸೋನ್ಯಾಳದ ಕನ್ನಡ ಶಾಲೆಗೆ ಶಿಕ್ಷಕನಾಗಿ ಬಂದದ್ದು ತೊಂಬತ್ತನಾಲ್ಕರಲ್ಲಿ. ಮನೆ ಜತ್ತದಲ್ಲಿ, ಬೆಳಿಗ್ಗೆ ನಾನು ಸರಕಾರಿ ಎಸ್ಟಿ ಬಸ್ಸಿನಲ್ಲಿ ಸೋನ್ಯಾಳಕ್ಕೆ ಹೋಗುವಾಗ ಅವರು ಎದುರಿನ ಬಸ್ಸಿನಲ್ಲಿ ಪೇಟೆಗೆ ಬರುತ್ತಿದ್ದರು. ಪರಿಚಯವಾದದ್ದು ಮಾತ್ರ ಮೆಣಸಿನಕಾಯಿ ಭಜಿಯ ದೆಸೆಯಿಂದ. ಬಸ್ ನಿಲ್ದಾಣದಲ್ಲಿ ಭಜಿ ಕಟ್ಟಿಕೊಟ್ಟ ಹಾಳೆ ಮರಾಠಿ ಚಿತ್ರಕಥೆಯೊಂದರದು: ಕಳ್ಳನೊಬ್ಬ ಹಗ್ಗ ಹಿಡಿದು ಕೋಟೆಯ ಗೋಡೆ ಏರುತ್ತಿದ್ದಾನೆ, ಕೊನೆಯ ಚೌಕದಲ್ಲಿ ಮೇಲಿನಿಂದ ಒಂದು ಕೈ ಕತ್ತಿಯನ್ನು ಹಗ್ಗಕ್ಕೆ ಹಚ್ಚಿದೆ. ಮುಂದೇನಾಯಿತು? ಭಜಿಯವನು ರದ್ದಿ ಅಂಗಡಿಯ ಕಡೆ ಬೆರಳು ತೋರಿಸಿದ. ಎಣ್ಣೆ ಜಿಡ್ಡಿನ ಹಾಳೆ ಹಿಡಿದು, ನಾಚಿಕೆಪಡುತ್ತ, ಇದರ ಮುಂದಿನ ಹಾಳೆ ಬೇಕಾಗಿತ್ತು ಎಂದೆ. ಸರದಾರಭಾಯಿ ನಗಲಿಲ್ಲ. ತಕ್ಕಡಿಯನ್ನು ಬದಿಗಿಟ್ಟು, "ಬರ್ರಿ, ಕುಂದ್ರಿ" ಎಂದು ಹೇಳಿ, ರಾಶಿಯೊಳಗೆ ಅಡ್ಡಡ್ಡ ಇಳಿದವರು ಹೊತ್ತು ಮುಳುಗುವವರೆಗೆ ಹುಡುಕಿ, ಧೂಳು ಮೆತ್ತಿದ ಗಡ್ಡದೊಂದಿಗೆ ಹೊರಬಂದರು.

"ಸಿಕ್ತು. ಖರೇ ಕಡೀ ಹಾಳಿ ಇಲ್ಲ. ಮೊದಲ ಹೇಳತೀನಿ."

ಆ ದಿನದಿಂದ ಭಜಿ ಅಂಗಡಿಗಳಿಗೆ ಚಿತ್ರಕಥೆಯ ಪುಸ್ತಕ ಕೊಡುವುದನ್ನು ಅವರು ನಿಲ್ಲಿಸಿದರು. ಸಾಂಗಲಿ, ಮಿರಜ, ಸೊಲ್ಲಾಪುರಗಳ ಮನೆಗಳಿಂದ ಮೂಟೆಯಲ್ಲಿ ಬರುವ ಹಳೆಯ ಚಿತ್ರಕಥೆಗಳನ್ನೆಲ್ಲ ಬೇರೆ ಮಾಡಿ, ಬೇವಿನ ಎಲೆ ಹಾಕಿ, ಕಬ್ಬಿಣದ ಪೆಟ್ಟಿಗೆಗಳಲ್ಲಿ ತುಂಬತೊಡಗಿದರು. "ಸಾಲಿ ಮಾಸ್ತರ ಎಣ್ಣಿ ಹಾಳಿ ಹಿಡಕೊಂಡ ಪ್ಯಾಟಿ ತಿರಗತಾನಂದ್ರ ಇದರಾಗ ಏನೋ ಅದ" ಎಂಬುದಷ್ಟೇ ಅವರ ಅರ್ಥಶಾಸ್ತ್ರ. ಆ ಏನೋ ಏನೆಂಬುದು ತಿಳಿಯಲು ಏಳು ವರ್ಷ ಬೇಕಾಯಿತು.

ಎರಡು ಸಾವಿರದ ಒಂದರಲ್ಲಿ ಅನಿಲ ಎಂಬ ತರುಣ ಪೇಟೆಯಲ್ಲಿ ಇಂಟರ್ನೆಟ್ ಅಂಗಡಿ ತೆರೆದ. ಪರದೇಶದ ಹರಾಜು ತಾಣವೊಂದರಲ್ಲಿ ಹಳೆಯ ಚಿತ್ರಕಥೆಗಳು ಮಾರಾಟವಾಗುವುದನ್ನು ಅವನೇ ಒಂದು ಸಂಜೆ ನಮ್ಮಿಬ್ಬರನ್ನೂ ಕೂರಿಸಿ ತೋರಿಸಿದ. ಬೆಲೆ ಕಂಡು ನಾನು ದಂಗಾದೆ. ಸರದಾರಭಾಯಿ ಪರದೆಗೆ ಮುಖ ಹಚ್ಚಿ ಬಹಳ ಹೊತ್ತು ನೋಡಿ ಕೇಳಿದ ಮೊದಲ ಪ್ರಶ್ನೆ: "ಅನಿಲಾ, ಈ ಪುಸ್ತಕದ ಮೂಲಿ ಮುದುಡೇದಲ್ಲೊ, ಅದನ್ಯಾಕ ಬರದಿಲ್ಲ ಇಂವ?"

ಹೀಗೆ ಆರಂಭವಾಯಿತು ಆ ವಿಚಿತ್ರ ವಾಣಿಜ್ಯ. ಅವರಿಗೆ ಕನ್ನಡ, ಮರಾಠಿ, ಉರ್ದು ಮೂರೂ ಬರುತ್ತಿದ್ದವು, ಇಂಗ್ಲಿಷ್ ಬರುತ್ತಿರಲಿಲ್ಲ. ಆದ್ದರಿಂದ ವಿವರಣೆ ಬರೆಯುವ ಕೆಲಸ ನನ್ನದಾಯಿತು. ಅವರು ಪುಸ್ತಕವನ್ನು ಬಿಳಿ ಪಂಚೆಯ ಮೇಲೆ ಮಲಗಿಸಿ, ವೈದ್ಯರಂತೆ ಭೂತಗನ್ನಡಿ ಹಿಡಿದು, ರೋಗಿಯ ಭಾಷೆಯಲ್ಲಿ ಹೇಳುತ್ತಿದ್ದರು: "ಇದು ಆರಾಮ ಅದ. ಇದಕ್ಕ ಸಣ್ಣ ನೆಗಡಿ. ಇದು ಹಾಸಿಗಿ ಹಿಡದದ, ಆದ್ರ ಜೀವ ಅದ." ನಾನು ಅದನ್ನು ಸಂಗ್ರಾಹಕರ ಪರಿಭಾಷೆಗೆ ತಿರುಗಿಸುತ್ತಿದ್ದೆ. ಪಿನ್ನಿನ ತುಕ್ಕು, ಬೆನ್ನಿನ ಸೀಳು, ಯಾವುದೋ ಮಗು ಖಳನಾಯಕನಿಗೆ ಬರೆದ ಮೀಸೆ, ಒಂದನ್ನೂ ಬಿಡುವಂತಿರಲಿಲ್ಲ. ತಮ್ಮ ನಾಡಿನಲ್ಲಿ ಹುಟ್ಟಿದ ಕಥೆಗಳು ಮರಾಠಿಯಲ್ಲಿಯೋ ಹಿಂದಿಯಲ್ಲಿಯೋ ಮಾತಾಡಿದ್ದನ್ನು ಕೂಡಿಡುವ ಹುಚ್ಚಿನವರು ಯೂರೋಪಿನ ಮೂಲೆಮೂಲೆಗಳಲ್ಲಿದ್ದರು. ಇಷ್ಟೊಂದು ನಿಂದೆಯೊಡನೆ ಮಾರುವ ಈ ಮನುಷ್ಯನಲ್ಲಿ ಅವರಿಗೆ ಬಲುಬೇಗ ವಿಶ್ವಾಸ ಹುಟ್ಟಿತು.

ಕಟ್ಟುವುದು ಮತ್ತೊಂದು ವ್ರತ. ದ್ರಾಕ್ಷಿ ತೋಟಗಳವರು ಬಿಸಾಡಿದ ರಟ್ಟಿನ ಪೆಟ್ಟಿಗೆಗಳನ್ನು ಕತ್ತರಿಸಿ ಎರಡು ಹಲಗೆ, ನಡುವೆ ಪ್ಲಾಸ್ಟಿಕ್ ಚೀಲದಲ್ಲಿ ಪುಸ್ತಕ, ಮೇಲೆ ಕಾಸೀಂಬಿ ಹೊಲಿದ ಬಿಳಿ ಬಟ್ಟೆ, ಹೊಲಿಗೆಯ ಗಂಟುಗಳ ಮೇಲೆ ಕೆಂಪು ಅರಗು. ಮುಗಿದ ಮೇಲೆ ಅಂಗಡಿಯ ಕಟ್ಟೆಯಿಂದ ರಸ್ತೆಗೆ ಮೂರು ಸಲ ಎಸೆಯುತ್ತಿದ್ದರು. "ಹಡಗದವರು ನಮ್ಮಂಗ ಸಾವಕಾಶ ಇಡ್ತಾರೇನ್ರಿ?" ಅಂಚೆ ಕಚೇರಿಯ ಗುಮಾಸ್ತರು ಮೊದಮೊದಲು, "ಪರದೇಶಕ್ಕ ರದ್ದಿ ಕಳಸ್ತೀಯೇನೋ ಸರದಾರ? ಅಲ್ಲಿ ರದ್ದಿ ಇಲ್ಲೇನು?" ಎಂದು ನಗುತ್ತಿದ್ದರು. ಬರಬರುತ್ತ ಆ ದೇಶಗಳ ಅಂಚೆ ದರ ಅವರಿಗೂ ಬಾಯಿಪಾಠವಾಯಿತು. ಡೆನ್ಮಾರ್ಕಿನ ಒಬ್ಬ ಗಿರಾಕಿ ಒಮ್ಮೆ ಬರೆದ: ನಿಮ್ಮ ಪೊಟ್ಟಣ ಬಿಚ್ಚಿದರೆ ಒಣದ್ರಾಕ್ಷಿಯ ವಾಸನೆ ಬರುತ್ತದೆ, ನನ್ನ ಮೊಮ್ಮಗಳು ಪುಸ್ತಕಕ್ಕಿಂತ ಮೊದಲು ರಟ್ಟನ್ನು ಮೂಸುತ್ತಾಳೆ. ಆತ ಹಡಗಿನ ಅಡುಗೆಯವನಾಗಿ ನಿವೃತ್ತನಾದ ವೃದ್ಧ.

ಇನ್ನು ನನ್ನ ಕುಂದನ್ನು ಹೇಳಬೇಕು.

ಸರದಾರಭಾಯಿಯ ಕಿರಿಯ ಮಗಳು ಸಾಜಿಯಾ ನನ್ನ ವಿದ್ಯಾರ್ಥಿನಿ. ಎರಡು ಸಾವಿರದ ನಾಲ್ಕರಲ್ಲಿ ಅವಳಿಗೆ ಮಿರಜದಲ್ಲಿ ನರ್ಸಿಂಗ್ ಪ್ರವೇಶ ದೊರೆಯಿತು. ಶುಲ್ಕ ತುಂಬಲು ಎರಡು ತಿಂಗಳ ಗಡುವಿತ್ತು. ಅದೇ ಹೊತ್ತಿಗೆ ಅಪರೂಪದ ಪುಸ್ತಕವೊಂದು ಪೆಟ್ಟಿಗೆಯಿಂದ ಹೊರಬಂತು: ಕಡಲ ತಳದಲ್ಲಿ ದೀಪ ಹಿಡಿದು ನಡೆಯುವ ಮುಳುಗುಗಾರನ ಕಥೆ, ಅರುವತ್ತರ ದಶಕದ ಮರಾಠಿ ಮುದ್ರಣ, ಮೂಲ ಡೆನ್ಮಾರ್ಕಿನದು. ಆ ವೃದ್ಧ ವರ್ಷಗಳಿಂದ ಅರಸುತ್ತಿದ್ದುದು ಅದನ್ನೇ. ಒಂಬತ್ತನೆಯ ಹಾಳೆಯ ಮೂಲೆಯನ್ನು ಗೆದ್ದಲು ತಿಂದಿತ್ತು. ಸರದಾರಭಾಯಿ ಅದೇ ಕಾಲದ ಖಾಲಿ ಕಾಗದದ ಚೂರನ್ನು ಮೈದಾ ಗಂಜಿಯಿಂದ, ಬೆಳಕಿಗೆ ಹಿಡಿದರಲ್ಲದೆ ಕಾಣದಷ್ಟು ನಯವಾಗಿ ಕೂಡಿಸಿದ್ದರು. "ಒಂಬತ್ತನೇ ಹಾಳಿ ಅಂಟಿಸಿದ್ದು. ಇದನ್ನ ಎಲ್ಲಾದಕ್ಕಿಂತ ಮೊದಲ ಬರೀರಿ ಮಾಸ್ತರ" ಎಂದರು. ಅನಿಲನ ಅಂಗಡಿಯಲ್ಲಿ ಒಬ್ಬನೇ ಕುಳಿತು ಟೈಪ್ ಮಾಡುವಾಗ ನನಗೆ ಸಾಜಿಯಾಳ ಅಂಕಪಟ್ಟಿ ಕಣ್ಣೆದುರು ಬಂತು. ಆ ಒಂದು ಸಾಲನ್ನು ನಾನು ಬರೆಯಲಿಲ್ಲ.

ಪುಸ್ತಕ ಒಳ್ಳೆಯ ಬೆಲೆಗೆ ಹೋಯಿತು, ಹಣವನ್ನು ಶುಲ್ಕಕ್ಕೆಂದು ಎತ್ತಿಟ್ಟದ್ದಾಯಿತು. ಒಂದು ತಿಂಗಳ ಮೇಲೆ ಅನಿಲನ ಅಂಗಡಿಯ ಕಂಪ್ಯೂಟರಿಗೆ ವೃದ್ಧನ ಪತ್ರ ಬಂತು. ಬೈಗುಳವಿಲ್ಲದ, ಅದಕ್ಕೇ ಸಹಿಸಲಾಗದ ಪತ್ರ. ಒಂಬತ್ತನೆಯ ಹಾಳೆಯ ಜೋಡಣೆ ಕಂಡೆ, ಕೈಚಳಕ ಸುಂದರವಾಗಿದೆ, ನಿಮ್ಮ ವಿವರಣೆಯಲ್ಲಿ ಅದರ ಮಾತಿಲ್ಲ. ನನಗೆ ಹಣ ಬೇಡ, ಇನ್ನು ಮುಂದೆ ನಿಮ್ಮನ್ನು ನಂಬಬಹುದೋ ಇಲ್ಲವೋ ಅಷ್ಟು ತಿಳಿಸಿ.

ಎರಡು ದಿನ ನಾನು ಅದನ್ನು ಎದೆಯಲ್ಲಿಟ್ಟುಕೊಂಡು ತಿರುಗಿದೆ. ಅಳಿಸಿಬಿಡುವುದು ಒಂದು ಗುಂಡಿಯ ಕೆಲಸ. ಮೂರನೆಯ ದಿನ ಶಾಲೆ ಬಿಟ್ಟು ನೇರ ಅಂಗಡಿಗೆ ಹೋಗಿ, ನಿಂತುಕೊಂಡೇ, ಎಲ್ಲವನ್ನೂ ಹೇಳಿದೆ. ಅವರು ಅಡಿಪಟ್ಟಿ ಹಿಡಿದು ರಟ್ಟು ಕೊಯ್ಯುತ್ತಿದ್ದರು, ಕೈ ನಿಂತಿತು. ಪತ್ರದ ಮಾತನ್ನು ಕನ್ನಡದಲ್ಲಿ ಇನ್ನೊಮ್ಮೆ ಹೇಳಿಸಿದರು.

"ಎಂದ ಬಂತ್ರಿ ಇದು?"

"ಮೊನ್ನೆ."

"ಎರಡ ದಿನ ಆತು." ಅವರ ಮುಖದಲ್ಲಿ ಮೊದಲ ಬಾರಿಗೆ ಸಿಟ್ಟು ಕಂಡೆ. "ಎರಡ ದಿನದಿಂದ ಆ ಮುದುಕಪ್ಪ ಜವಾಬ ಇಲ್ಲದ ಕುಂತಾನ. ನಡೀರಿ, ಲಗೂನ ನಡೀರಿ."

ಅನಿಲನ ಅಂಗಡಿಯವರೆಗೆ ಓರೆಯಾಗಿ, ಹೆಚ್ಚುಕಡಿಮೆ ಓಡುತ್ತಲೇ ಹೋದರು. ಅಲ್ಲಿ ಅವರು ಹೇಳಿದ್ದನ್ನು ನಾನು ಅಕ್ಷರ ಬಿಡದೆ ಬರೆದೆ: ಅಂಟಿಸಿದ ಕೈ ನನ್ನದು, ಹೇಳದ ಬಾಯಿಯೂ ನನ್ನದು, ರೊಕ್ಕ ಪೂರಾ ತಿರುಗಿ ಕಳಿಸುತ್ತೇನೆ, ಪುಸ್ತಕ ನಿಮ್ಮಲ್ಲೇ ಇರಲಿ. ತಪ್ಪು ನನ್ನದೆಂದು ಬರೆಯುತ್ತೇನೆ ಎಂದು ನಾನು ಹಟ ಹಿಡಿದೆ.

"ಬ್ಯಾಡ್ರಿ. ಆ ಮನಷ್ಯಾ ನಿಮ್ಮನ್ನ ನಂಬಿ ತಗೊಂಡಿಲ್ಲ, ನನ್ನ ಹೆಸರ ನಂಬಿ ತಗೊಂಡಾನ."

ಶುಲ್ಕವನ್ನು ನಾನು ತುಂಬುತ್ತೇನೆ ಎಂದೆ. ಅದಕ್ಕೂ ತಲೆಯಾಡಿಸಿದರು. "ನೀವ್ ಈಗ ಕೊಟ್ರ ಅದು ದಂಡ ಆಗ್ತದ ಮಾಸ್ತರ. ನಿಮಗ ದಂಡ ಹಾಕಾಂವ ನಾ ಯಾರು?"

ಪರದೇಶಕ್ಕೆ ಹಣ ಮರಳಿಸುವುದು ಆಗ ಸುಲಭವಾಗಿರಲಿಲ್ಲ. ಸಾಂಗಲಿಯ ಬ್ಯಾಂಕಿಗೆ ಮೂರು ಸಲ ಎಡತಾಕಿದೆವು. ಸಾಜಿಯಾಳ ಪ್ರವೇಶ ಆ ವರ್ಷ ಕೈತಪ್ಪಿತು. ಅವಳೆದುರು ನಿಲ್ಲಲು ನನಗೆ ಮುಖವಿರಲಿಲ್ಲ. ಮನೆಗೆ ಹೋದಾಗ ಅವಳು ತಾಯಿಯ ಜೊತೆ ಪೊಟ್ಟಣದ ಬಟ್ಟೆ ಹೊಲಿಯುತ್ತಿದ್ದಳು. ದಾರವನ್ನು ಹಲ್ಲಿನಿಂದ ಕಡಿದು, "ಸರ್, ನಾ ರಾತ್ರೆಲ್ಲ ಅತ್ತೀನ್ರಿ, ಸುಳ್ಳ ಯಾಕ ಹೇಳಲಿ" ಎಂದಳು. ಸ್ವಲ್ಪ ತಡೆದು, "ಆದ್ರ ಅಪ್ಪ ರೊಕ್ಕ ಕಳಸದ ಇದ್ದಿದ್ರ ಇನ್ನೂ ಭಾಳ ಅಳತಿದ್ದೆ" ಎಂದಳು. ತಂದೆಯ ಮಗಳು, ಮೊದಲು ಹುಣ್ಣನ್ನೇ ತೋರಿಸಿದ್ದಳು.

ಡೆನ್ಮಾರ್ಕಿನಿಂದ ಉತ್ತರ ಬಂದದ್ದು ಪತ್ರವಾಗಿ ಅಲ್ಲ, ಪೊಟ್ಟಣವಾಗಿ. ವೃದ್ಧ ಹಣವನ್ನು ಸ್ವೀಕರಿಸಿ ಪುಸ್ತಕವನ್ನು ಮರಳಿಸಿದ್ದ. ಹಣವೂ ಪುಸ್ತಕವೂ ಎರಡೂ ನನ್ನಲ್ಲಿದ್ದರೆ ನನಗೆ ನಿದ್ದೆ ಬಾರದು ಎಂದು ಒಂದು ಚೀಟಿ. ಓದಿ ಹೇಳಿದಾಗ ಸರದಾರಭಾಯಿ ತೊಡೆ ತಟ್ಟಿಕೊಂಡು ಮಗುವಿನಂತೆ ನಕ್ಕರು: "ಸಿಕ್ಕ ನೋಡ್ರಿ ಜೋಡಿ! ಖರೇ ಮನಷ್ಯಾ ಇಂವ." ಕೆಲವು ತಿಂಗಳ ಬಳಿಕ ಪುಸ್ತಕವನ್ನು ಮತ್ತೆ ಹರಾಜಿಗಿಟ್ಟೆವು, ಒಂಬತ್ತನೆಯ ಹಾಳೆಯ ಮಾತು ಮೊದಲ ಸಾಲಿನಲ್ಲಿತ್ತು. ಬೆಲೆ ಹಿಂದಿನದರ ಅರ್ಧವನ್ನೂ ಮುಟ್ಟಲಿಲ್ಲ. ಕೊಂಡವನು ಅದೇ ವೃದ್ಧ. ಈಗ ನಾನು ಏನನ್ನು ಕೊಳ್ಳುತ್ತಿದ್ದೇನೆಂದು ನನಗೆ ಗೊತ್ತು, ಎಂದು ಬರೆದಿದ್ದ. ಕಾಸೀಂಬಿ ತಮ್ಮ ಆಡುಗಳಲ್ಲಿ ಎರಡನ್ನು ಮಾರಿ ಉಳಿದದ್ದನ್ನು ಕೂಡಿಸಿದರು. ಮರುವರ್ಷ ಸಾಜಿಯಾ ಮಿರಜಕ್ಕೆ ಹೋದಳು. ನರ್ಸ್ ಆದಳು. ನನ್ನ ತಾಯಿಯ ಕಡೆಯ ದಿನಗಳಲ್ಲಿ ಅಲ್ಲಿಯ ಆಸ್ಪತ್ರೆಯಲ್ಲಿ ಆಕೆಯ ಮೈ ಒರೆಸಿ, ಬಾಯಿಗೆ ಗಂಜಿ ಹಾಕಿದವಳು ಸಾಜಿಯಾಳೇ.

ಆದರೆ ನನ್ನನ್ನು ಋಣಿಯಾಗಿಸಿದ ಸಂಗತಿ ಇವೆಲ್ಲಕ್ಕಿಂತ ಸಣ್ಣದು. ಆ ಪ್ರಸಂಗದ ನಂತರದ ಮೊದಲ ವಿವರಣೆಯನ್ನು ಬರೆದು ಮುಗಿಸಿ, ಅವರು ಕೇಳುವ ಮೊದಲೇ, ನಾನು ಒಂದೊಂದು ಸಾಲನ್ನೂ ಕನ್ನಡದಲ್ಲಿ ಓದಿ ಒಪ್ಪಿಸತೊಡಗಿದೆ. ಅವರು ಗಂಜಿಯ ಕೈ ಎತ್ತಿ ತಡೆದರು.

"ಇದೇನ್ ಮಾಡಾಕತ್ತೀರಿ?"

"ಬರೆದದ್ದು ಸರಿಯಾಗಿದೆಯೋ ಇಲ್ಲವೋ ನಿಮಗೆ ತಿಳಿಯಲಿ ಅಂತ."

"ನಾ ಕೇಳೀನೇನು?" ಎಂದರು, ಮತ್ತೆ ಪುಸ್ತಕದ ಮೇಲೆ ಬಾಗಿದರು.

ಮುಂದಿನ ನಾಲ್ಕು ವರ್ಷ, ನನಗೆ ವರ್ಗವಾಗುವವರೆಗೆ, ಅವರು ಒಮ್ಮೆಯೂ ಕೇಳಲಿಲ್ಲ. ಅನುಮಾನಿಸಿದ್ದರೆ ನಾನು ನೊಂದುಕೊಂಡು ಹಗುರಾಗುತ್ತಿದ್ದೆ. ನಂಬಿ ನನ್ನನ್ನು ಸಂಪೂರ್ಣ ಕಟ್ಟಿಹಾಕಿದರು. ಆಮೇಲೆ ನಾನು ಬರೆದ ಯಾವ ಕಾಗದದಲ್ಲಿಯೂ, ಮಕ್ಕಳ ದಾಖಲೆಯಲ್ಲಿಯಾಗಲಿ, ಮೇಲಧಿಕಾರಿಗಳ ವರದಿಯಲ್ಲಿಯಾಗಲಿ, ಬರೆಯಬೇಕಾದ ಒಂದು ಸಾಲನ್ನು ನುಂಗಲು ನನ್ನಿಂದ ಸಾಧ್ಯವಾಗಿಲ್ಲ.

ಮುಖ ಕಾಣದ ಜನರು ಸಮುದ್ರದಾಚೆಯಿಂದ ಪರಸ್ಪರ ಕೊಡುಕೊಳ್ಳುವ ಕಾಲವಿದು. ಈ ವಿಸ್ಮಯವನ್ನು ಯಂತ್ರಗಳು ಸಾಧಿಸಿದವೆಂದು ನಾವು ಭಾವಿಸುತ್ತೇವೆ. ಯಂತ್ರ ಸಂದೇಶವನ್ನು ಮುಟ್ಟಿಸೀತು, ಹಡಗು ಪೊಟ್ಟಣವನ್ನು ಮುಟ್ಟಿಸೀತು. ಅದರೊಳಗಿರುವುದು ಹೇಳಿದ್ದೇ ಹೌದೆಂಬ ಭರವಸೆಯನ್ನು ಮಾತ್ರ ಎಲ್ಲೋ ಒಂದು ಒಣ ಸೀಮೆಯ ಸಣ್ಣ ಪೇಟೆಯಲ್ಲಿ, ಯಾರೂ ನೋಡದ ಹೊತ್ತಿನಲ್ಲಿ, ಒಬ್ಬ ಮನುಷ್ಯನೇ ಕಟ್ಟಿ ಕಳಿಸಬೇಕು. ಅಂಥವರು ಉಪದೇಶ ಮಾಡುವುದಿಲ್ಲ, ಕ್ಷಮಿಸಿದೆನೆಂದು ಹೇಳಿ ನಮ್ಮನ್ನು ಸಣ್ಣವರನ್ನಾಗಿಯೂ ಮಾಡುವುದಿಲ್ಲ. ಅವರ ಪಕ್ಕದಲ್ಲಿ ಕೆಲಕಾಲ ಕುಳಿತು ಕೆಲಸ ಮಾಡಿದವರೆಲ್ಲ ಸಜ್ಜನರಾಗುತ್ತಾರೆಂದು ನಾನು ಹೇಳಲಾರೆ. ಕೆಡುವುದಕ್ಕೆ ನಾಚುತ್ತಾರೆ, ಅಷ್ಟೇ. ನನ್ನಂಥ ಸಾಧಾರಣರ ಪಾಲಿಗೆ ಆ ನಾಚಿಕೆಯೇ ಬದುಕಿನ ಬಹುದೊಡ್ಡ ಉಪಕಾರ.