ಮೇಜಿನ ಕಾಲಿನ ಕೆಳಗಿನ ಮೂರು ಚೀಟಿ

ಬೆಳಗಿನ ಪಾಳಿ ಬದಲಿಸಿಕೊಡಿ ಎಂದು ಅಕ್ಕ ಮೂರು ಸಲ ಚೀಟಿ ಬರೆದುಕೊಟ್ಟಳು. ಮೇಲ್ವಿಚಾರಕ ಮೂರನ್ನೂ ಓದಿ, ಮಡಚಿ, ಅಲುಗಾಡುತ್ತಿದ್ದ ತನ್ನ ಮೇಜಿನ ಕಾಲಿನ ಕೆಳಗೆ ಇಟ್ಟ. ಮೂರನೆಯದಕ್ಕೆ ಮೇಜು ಅಲುಗಾಡುವುದು ನಿಂತಿತು. ಹನ್ನೊಂದು ತಿಂಗಳ ಮೇಲೆ ಅಕ್ಕ ತೀರಿಕೊಂಡಳು.

ನಾವು ಕೆಲಸ ಮಾಡುವುದು ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿ. ಹಾಸಿಗೆ ಬಟ್ಟೆ, ಆಪರೇಷನ್ ಕೋಣೆಯ ಹಸಿರು ಬಟ್ಟೆ, ರೋಗಿಗಳ ಅಂಗಿ, ಎಲ್ಲ ನಮ್ಮಲ್ಲಿಗೇ ಬರಬೇಕು. ಕುದಿನೀರಿನಲ್ಲಿ ಬೆಂದು, ಒಣಗಿ, ಇಸ್ತ್ರಿ ಯಂತ್ರದಿಂದ ಬಿಸಿಬಿಸಿಯಾಗಿ ಹೊರಬಿದ್ದದ್ದನ್ನು ಇಬ್ಬಿಬ್ಬರು ನಿಂತು ಮಡಚಬೇಕು. ಆಚೆ ತುದಿ ಒಬ್ಬಳು, ಈಚೆ ತುದಿ ಒಬ್ಬಳು. ಒಮ್ಮೆ ಜಾಡಿಸಿ, ಎಳೆದು, ಎದುರುಬದುರು ನಡೆದು ಬಂದು ಮೂಲೆಗೆ ಮೂಲೆ ಕೂಡಿಸಬೇಕು. ಇದಕ್ಕೆ ಜೋಡಿ ಎನ್ನುತ್ತೇವೆ. ನಾನೂ ಅಕ್ಕನೂ ಒಂಬತ್ತು ವರ್ಷ ಜೋಡಿ. ನಮ್ಮಷ್ಟು ಬೇಗ ಮಡಚುವವರು ಇಡೀ ವಿಭಾಗದಲ್ಲಿ ಇರಲಿಲ್ಲ. ನಾವು ಮಾತಾಡುತ್ತಲೇ ಇರುತ್ತಿದ್ದೆವು, ಕೈ ತನ್ನ ಪಾಡಿಗೆ ತಾನು ಹೋಗಿ ಬರುತ್ತಿತ್ತು. ಮಡಚಿದ ಬಟ್ಟೆಯ ಅಂಚನ್ನು ಅಕ್ಕ ಹೆಬ್ಬೆರಳಿನಿಂದ ಒಮ್ಮೆ ಸವರಿ, "ನೋಡೇ ಪುಟ್ಟಿ, ಇದ್ರಲ್ಲಿ ತರಕಾರಿ ಹೆಚ್ಚಬಹುದು" ಅನ್ನುತ್ತಿದ್ದಳು. ಅವಳಿಗೆ ಆ ಕೆಲಸ ಇಷ್ಟವಿತ್ತು. ಇದನ್ನು ಮರೆಯಬಾರದು. ಕೆಲಸದ ಮೇಲೆ ಅವಳದೇನೂ ತಕರಾರು ಇರಲಿಲ್ಲ.

ಪಾಳಿ ತಿಂಗಳಿಗೊಮ್ಮೆ ಬದಲಾಗಬೇಕು ಎಂಬುದು ನಿಯಮ. ಆದರೆ ಆಪರೇಷನ್ ಕೋಣೆಯ ಬಟ್ಟೆ ಹೋಗುವುದು ಬೆಳಿಗ್ಗೆ. ಅದಕ್ಕೆ ಬೇಗ ಮಡಚುವ ಕೈ ಬೇಕು. ಹಾಗಾಗಿ ಮೇಲ್ವಿಚಾರಕ ನಮ್ಮಿಬ್ಬರನ್ನೂ ಬೆಳಿಗ್ಗೆ ಆರರಿಂದ ಎರಡರ ಪಾಳಿಗೆ ಮೊಳೆ ಹೊಡೆದು ಕೂರಿಸಿದ. ನಮ್ಮ ಕೈ ಚೆನ್ನಾಗಿದ್ದದ್ದೇ ನಮಗೆ ಮುಳುವಾಯಿತು. ಅಕ್ಕನ ಎದೆಯಲ್ಲಿ ಗಂಟು ಕಾಣಿಸಿಕೊಂಡಿತ್ತು. ಅದನ್ನು ನೋಡುವ ಡಾಕ್ಟರು ಅದೇ ಆಸ್ಪತ್ರೆಯಲ್ಲಿ, ನಮ್ಮ ಬಾಗಿಲಿನಿಂದ ಇನ್ನೂರು ಹೆಜ್ಜೆ ದೂರದಲ್ಲಿ, ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರವರೆಗೆ ಕೂರುತ್ತಿದ್ದರು. ರಜೆ ಕೇಳಿದರೆ ಸಿಗುತ್ತಿರಲಿಲ್ಲ, ಹೇಳದೆ ಒಂದು ಪಾಳಿ ತಪ್ಪಿಸಿದರೆ ಪಟ್ಟಿಯಿಂದ ಹೆಸರು ಹೊಡೆದುಹಾಕುತ್ತಿದ್ದರು. ಒಂದು ದಿನ ಅಕ್ಕ ಟೀ ಬಿಡುವಿನ ಹದಿನೈದು ನಿಮಿಷದಲ್ಲಿ ಓಡಿಹೋಗಿ ಸಾಲಿನಲ್ಲಿ ನಿಂತಳು. ಅವಳ ಸರದಿ ಚೀಟಿ ನಲವತ್ತಮೂರು. ಒಳಗೆ ಕರೆಯುತ್ತಿದ್ದದ್ದು ಹತ್ತೊಂಬತ್ತು. ಗಂಟೆ ಹೊಡೆಯಿತು. ವಾಪಸು ಬಂದು ಬಟ್ಟೆಯ ಆಚೆ ತುದಿ ಹಿಡಿದಳು.

ಮೇಲ್ವಿಚಾರಕನಿಗೆ ನಾವಿಟ್ಟ ಹೆಸರು ಗಡಿಯಾರ. ಅವನಿಗೂ ಗೊತ್ತು, ಹೊಗಳಿಕೆ ಅಂದುಕೊಂಡಿದ್ದ.

ಅಕ್ಕ ಹೋದ ಮೇಲೆ ನನ್ನ ಕೈಗೆ ಬೇರೆ ಯಾರ ಕೈಯೂ ಹೊಂದಲಿಲ್ಲ. ಯಾರೊಂದಿಗೆ ನಿಂತರೂ ಮೂಲೆ ತಪ್ಪುತ್ತಿತ್ತು. ಗಡಿಯಾರ ಒಂದು ವಾರ ನೋಡಿ, "ನಿನ್ನ ಅಕ್ಷರ ದುಂಡಗಿದೆ, ಬಾ, ಪಾಳಿ ಪಟ್ಟಿ ಬರಿ" ಎಂದು ತನ್ನ ಮೇಜಿಗೆ ಕರೆದುಕೊಂಡ. "ಕೂತು ಮಾಡೋ ಕೆಲಸ ಕೊಟ್ಟಿದ್ದೀನಿ, ನೆನಪಿರಲಿ" ಅಂದ. ನೆನಪಿಟ್ಟುಕೊಂಡೆ. ಮೂರು ವರ್ಷ ಅದೇ ಮೇಜಿನ ಈಚೆ ಬದಿ ಕೂತೆ. ಚಪ್ಪಲಿ ಕಳಚಿ, ಕಾಲ್ಬೆರಳಿನಿಂದ ಮೇಜಿನ ಕಾಲಿನ ಬುಡ ಮುಟ್ಟಿ ನೋಡುತ್ತಿದ್ದೆ. ಮೂರೂ ಅಲ್ಲೇ ಇದ್ದವು. ದಿನಾ ಒರೆಸುವ ನೀರಿಗೆ ಅಂಚು ಕಪ್ಪಗಾಗಿತ್ತು. ಎಳೆದು ತೆಗೆಯಬಹುದಿತ್ತು. ತೆಗೆಯಲಿಲ್ಲ. ಅವನ ಮೇಜು ಇನ್ನೂ ಸ್ವಲ್ಪ ದಿನ ನೆಟ್ಟಗೆ ನಿಂತಿರಲಿ ಎಂದುಕೊಂಡೆ.

ನಮ್ಮಿಬ್ಬರ ನಡುವೆ ಒಂದು ಪದ್ಧತಿ ಬೆಳೆದಿತ್ತು. ನಾನು ಪಟ್ಟಿ ಬರೆದು, ಕೆಳಗೆ ಅವನ ಸಹಿ ಬೀಳಬೇಕಾದ ಕಡೆ ಪೆನ್ಸಿಲಿನಲ್ಲಿ ಸಣ್ಣ ಗುಣಿಸು ಗುರುತು ಹಾಕುತ್ತಿದ್ದೆ. ಅವನು ಗುರುತು ಹುಡುಕಿ ಸಹಿ ಹಾಕುತ್ತಿದ್ದ. ಮೊದಮೊದಲು ಓದುತ್ತಿದ್ದ. ಆಮೇಲೆ ಮೇಲಿನ ಸಾಲು ಮಾತ್ರ. ಆಮೇಲೆ ಅದೂ ಇಲ್ಲ, ಫೋನಿನಲ್ಲಿ ಮಾತಾಡುತ್ತಲೇ ಹಾಳೆ ತಿರುವಿ ಗುರುತಿನ ಮೇಲೆ ಗೀಚುತ್ತಿದ್ದ. ನಾನು ತಡಮಾಡದೆ, ತಪ್ಪಿಲ್ಲದೆ, ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಬರೆದೆ. ಅವನಿಗೆ ಓದುವ ಅಭ್ಯಾಸ ತಪ್ಪಿಸಲು ನನಗೆ ಎರಡು ವರ್ಷ ಹಿಡಿಯಿತು.

ಈ ಸಲ ಮೇಲಿನ ಕಚೇರಿಯಿಂದ ಸುತ್ತೋಲೆ ಬಂತು. ಎಲ್ಲ ವಿಭಾಗಗಳಲ್ಲೂ ಕೆಲಸದ ತೃಪ್ತಿಯನ್ನು ಅಳೆಯುತ್ತಾರಂತೆ. ಒಬ್ಬ ಅಧಿಕಾರಿ ಖುದ್ದಾಗಿ ಬಂದು, ಪಾಳಿಗಳು ಹೇಗಿವೆ, ಬದಲಾವಣೆ ಕೇಳಿದವರಿಗೆ ಏನು ಉತ್ತರ ಸಿಕ್ಕಿದೆ ಎಂದು ಕೋರಿಕೆ ಪುಸ್ತಕ ನೋಡುತ್ತಾರಂತೆ. ಅದರ ಮೇಲೆ ಒಬ್ಬ ಮೇಲ್ವಿಚಾರಕನನ್ನು ಆರಿಸಿ ಮೂರು ಆಸ್ಪತ್ರೆಗಳ ಪಾಳಿಯನ್ನೂ ಅವನ ಕೈಗೆ ಕೊಡುತ್ತಾರಂತೆ. ಸುತ್ತೋಲೆಯ ಜೊತೆ ಬಂದ ನಮೂನೆಯಲ್ಲಿ ಐದು ಮುಖ ಬರೆದಿದ್ದರು. ಮೊದಲನೆಯದು ಅಳುತ್ತಿತ್ತು, ಐದನೆಯದು ಕಿವಿಯವರೆಗೆ ನಗುತ್ತಿತ್ತು.

ಗಡಿಯಾರ ಅಂದು ನನಗೆ ಟೀ ತರಿಸಿದ. ಮೂರು ವರ್ಷದಲ್ಲಿ ಮೊದಲ ಸಲ.

"ಕೋರಿಕೆ ಪುಸ್ತಕ ಅಂತ ಒಂದು ಇಡಬೇಕಿತ್ತಂತೆ ಕಣಮ್ಮ."

"ನಮ್ಮಲ್ಲಿ ಇಲ್ಲವಲ್ಲ ಸಾರ್."

"ಇಲ್ಲ ಅಂತ ನನಗೆ ಗೊತ್ತಿಲ್ವಾ? ನೀನು ಬರಿ. ಐದು ವರ್ಷದ್ದು. ಯಾರ್ಯಾರು ಕೇಳಿದ್ರು, ಯಾವಾಗ, ಯಾಕೆ. ಎಲ್ಲಾರ ಮುಂದೂ ಒಪ್ಪಿಗೆ ಅಂತ ಹಾಕು. ಬೇರೆ ಬೇರೆ ಪೆನ್ನು ಉಪಯೋಗಿಸು, ಹಳೇದು ಅನ್ನಿಸಬೇಕು."

"ಎಲ್ಲಾರದೂ ಸಾರ್?"

"ಎಲ್ಲಾರದೂ." ಟೀ ಲೋಟ ತಿರುಗಿಸಿದ. "ನಿನ್ನ ಅಕ್ಕಂದೂ ಹಾಕು. ಚೆನ್ನಾಗಿ ಕಾಣುತ್ತೆ. ಕಾಯಿಲೆ ಮನುಷ್ಯರಿಗೆ ನಾವು ಅನುಕೂಲ ಮಾಡಿಕೊಟ್ಟಿದ್ವಿ ಅಂತ."

ನಾನು ಟೀ ಪೂರ್ತಿ ಕುಡಿದೆ. ಲೋಟವನ್ನು ಮೇಜಿನ ಮೇಲಿಟ್ಟಾಗ ಮೇಜು ಒಂದಿಷ್ಟೂ ಅಲುಗಲಿಲ್ಲ.

ನನ್ನ ಗಂಡ ಬಸ್ ಓಡಿಸುತ್ತಾರೆ, ಮಧ್ಯಾಹ್ನದಿಂದ ರಾತ್ರಿಯವರೆಗೆ. ನಾವಿಬ್ಬರೂ ಎಚ್ಚರವಿದ್ದು ಮುಖ ನೋಡುವುದು ಬೆಳಿಗ್ಗೆ ನಾನು ಕೆಲಸಕ್ಕೆ ಹೊರಡುವ ಮುಂಚಿನ ಒಂದು ತಾಸು ಮಾತ್ರ. ಉಳಿದ ಸಂಸಾರವೆಲ್ಲ ಅಡುಗೆಮನೆಯ ಕಪಾಟಿನ ಬಾಗಿಲಿಗೆ ಅಂಟಿಸಿದ ಚೀಟಿಗಳಲ್ಲಿ. ಮಾರನೆಯ ಬೆಳಿಗ್ಗೆ ಅವರು ಬೂಟಿಗೆ ಪಾಲಿಶ್ ಹಾಕುತ್ತಾ ಕೂತಿದ್ದಾಗ ವಿಷಯ ಹೇಳಿದೆ.

"ನಮ್ಮ ಡಿಪೋಗೂ ಆ ಮುಖಗಳು ಬಂದಿದ್ವು" ಎಂದರು. "ನಾನು ನಗೋ ಮುಖಕ್ಕೇ ಗುರುತು ಹಾಕಿದೆ."

"ಯಾಕ್ರೀ?"

"ಬಸ್ ಓಡಿಸೋದು ಇಷ್ಟ ಕಣೇ. ಕೇಳಿದ್ದು ಅಷ್ಟೇ ತಾನೆ? ಹೆಂಡತಿ ಮುಖ ನೋಡೋಕೆ ಟೈಮ್ ಸಿಗುತ್ತಾ ಅಂತ ಕೇಳಿದ್ದಿದ್ರೆ ಬೇರೆ ಮುಖ ಹಾಕ್ತಿದ್ದೆ." ಬ್ರಷ್ ಕೆಳಗಿಟ್ಟರು. "ನೀನು ಏನು ಮಾಡೋಕೆ ಹೊರಟಿದ್ದೀಯ ಅಂತ ಗೊತ್ತಾಗ್ತಿದೆ. ಸೇಡು ತೀರಿಸ್ಕೊಂಡ್ರೆ ಅಕ್ಕ ವಾಪಸ್ ಬರ್ತಾರಾ?"

"ಬರಲ್ಲ. ಆದ್ರೆ ಅವನು ಮೇಲಿನ ಹುದ್ದೆಗೆ ಹೋಗಲ್ಲ."

"ಕೆಲಸ ಹೋಗುತ್ತೆ."

"ಹೋದ್ರೆ ನಿಮ್ಮ ಬಸ್ಸಲ್ಲಿ ಮುಂದಿನ ಸೀಟಲ್ಲಿ ಕೂತ್ಕೊಂಡು ದಿನಾ ನಿಮ್ಮ ಮುಖ ನೋಡ್ತೀನಿ."

ಅವರು ನಕ್ಕರು. ಆದರೆ ಪಾಲಿಶ್ ಡಬ್ಬಿಯ ಮುಚ್ಚಳವನ್ನು ಮೂರು ಸಲ ಮುಚ್ಚಿ ಮೂರು ಸಲ ತೆಗೆದರು.

ಒಂದು ವಾರ ಸಿಕ್ಕಿತ್ತು. ಪಾಳಿ ಬದಲಾಗುವ ಹೊತ್ತಿನಲ್ಲಿ ಬಟ್ಟೆ ಗಾಡಿಗಳ ಹಿಂದೆ ನಿಂತು ಒಬ್ಬೊಬ್ಬರನ್ನೇ ಕೇಳಿದೆ. ಯಾವಾಗ ಕೇಳಿದ್ದೆ, ಯಾಕೆ ಕೇಳಿದ್ದೆ, ಅವನು ಏನಂದ, ಆಮೇಲೆ ಏನಾಯಿತು. ಮೊದಲು ಹೆದರಿದರು. ಆಮೇಲೆ ಬಾಯಿ ಬಿಟ್ಟರೆ ಮುಚ್ಚಿಸುವುದೇ ಕಷ್ಟವಾಯಿತು. ಇಸ್ತ್ರಿ ಯಂತ್ರದ ಕುಳ್ಳಿ ಹೆರಿಗೆಯಾಗಿ ಬಂದ ಮೇಲೆ ಎರಡು ತಿಂಗಳು ಮಧ್ಯಾಹ್ನದ ಪಾಳಿ ಕೇಳಿದ್ದಳಂತೆ. ಬೆಳಿಗ್ಗೆ ಕೂಸನ್ನು ನೋಡಿಕೊಳ್ಳುವವರು ಮನೆಯಲ್ಲಿ ಇರಲಿಲ್ಲ. "ಕೊಡಲಿಲ್ಲ ಕಣೇ. ಕೂಸನ್ನ ಊರಲ್ಲಿ ಅತ್ತೆ ಹತ್ರ ಬಿಟ್ಟೆ. ನನ್ನ ಎದೆಹಾಲು ಈ ಸಿಂಕಿಗೆ ಹಿಂಡಿದ್ದೀನಿ, ಇದೇ ಸಿಂಕಿಗೆ. ಬರ್ಕೊ." ಅವಳು ತೋರಿಸಿದ ಸಿಂಕನ್ನು ನಾನೂ ನೋಡಿದೆ, ಬರೆದುಕೊಂಡೆ.

ಬಾಯ್ಲರ್ ಕಾಯುವ ಹಿರಿಯನನ್ನು ನಾವೆಲ್ಲ ಮಾವ ಎನ್ನುತ್ತೇವೆ. ಅವನನ್ನೂ ಕೇಳಿದೆ.

"ನಾನು ಕೇಳಿದ್ದು ದೊಡ್ಡ ವಿಷಯವೇನಲ್ಲ ತಾಯಿ. ಮಗಳು ಸ್ಕೂಲಲ್ಲಿ ಬಹುಮಾನ ತಗೊಳ್ಳೋದಿತ್ತು. ಒಂದು ಮಧ್ಯಾಹ್ನ."

"ಏನಂದ?"

"'ಬಾಯ್ಲರ್ ನಿನ್ನ ಮಗಳು ಕಾಯ್ತಾಳಾ' ಅಂದ." ಮಾವ ಕೈ ಒರೆಸುವ ಬಟ್ಟೆಯನ್ನು ಹೆಗಲ ಮೇಲೆ ಹಾಕಿಕೊಂಡ. "ನನಗೆ ಈ ಬಾಯ್ಲರ್ ಅಂದ್ರೆ ಪ್ರಾಣ. ಸದ್ದು ಕೇಳೇ ಅದರ ಹೊಟ್ಟೆನೋವು ಹೇಳ್ತೀನಿ. ಅವತ್ತಿಂದ ಇದನ್ನ ನೋಡಿದ್ರೆ ಮಗಳ ಬಹುಮಾನ ನುಂಗಿದ್ದು ಅನ್ಸುತ್ತೆ. ಅವನು ನನ್ನ ರಜೆ ಮಾತ್ರ ಕಿತ್ಕೊಳ್ಳಲಿಲ್ಲ ತಾಯಿ, ಇದರ ಮೇಲಿನ ಪ್ರೀತಿನೂ ಕಿತ್ಕೊಂಡ."

ಅದನ್ನೂ ಬರೆದೆ. ಬೇರೆ ಬೇರೆ ಪೆನ್ನು ಉಪಯೋಗಿಸಲಿಲ್ಲ. ಒಂದೇ ಪೆನ್ನು, ಒಂದೇ ಕೈ, ದುಂಡಗಿನ ಅಕ್ಷರ. ಪ್ರತಿಯೊಬ್ಬರ ಮುಂದೆ ತಿರಸ್ಕರಿಸಲಾಗಿದೆ ಎಂದು ಬರೆದು, ಪಕ್ಕದಲ್ಲಿ ಗಡಿಯಾರ ಆಡಿದ ಮಾತನ್ನು ಆಡಿದ ಹಾಗೆಯೇ ಇಳಿಸಿದೆ. ಅಕ್ಕನದು ಹನ್ನೆರಡನೆಯ ಪುಟ. ಮೂರು ಕೋರಿಕೆ, ಮೂರು ತಿರಸ್ಕಾರ. ಅವಳು ತೀರಿಕೊಂಡ ದಿನವನ್ನೂ ಬರೆದೆ. ಒಟ್ಟು ನಲವತ್ತು ಪುಟವಾಯಿತು. ಪ್ರತಿ ಪುಟದ ಕೆಳಗೂ ಪೆನ್ಸಿಲಿನಲ್ಲಿ ಗುಣಿಸು ಗುರುತು.

ಬರೆಯುವಾಗ ಸಿಕ್ಕ ಖುಷಿಯನ್ನು ಮುಚ್ಚಿಡುವುದಿಲ್ಲ. ಅಕ್ಕ ಹೋದ ಮೇಲೆ ನನಗೆ ಕೆಲಸದಲ್ಲಿ ತೃಪ್ತಿ ಸಿಕ್ಕಿದ್ದು ಆ ಒಂದು ವಾರ. ಐದನೆಯ ಮುಖಕ್ಕೆ ಗುರುತು ಹಾಕಬಹುದಿತ್ತು.

ಅಧಿಕಾರಿ ಬರುವ ಹಿಂದಿನ ದಿನ ಪುಸ್ತಕವನ್ನು ಅವನ ಮುಂದಿಟ್ಟೆ. ಅವನು ಹೊಸ ಹುದ್ದೆಯ ಬಗ್ಗೆ ಯಾರೊಂದಿಗೋ ಫೋನಿನಲ್ಲಿ ನಗುತ್ತಿದ್ದ. ಹಾಳೆ ತಿರುವಿದ, ಗೀಚಿದ. ತಿರುವಿದ, ಗೀಚಿದ. ಹನ್ನೆರಡನೆಯ ಪುಟದಲ್ಲಿ ಕೈ ನಿಂತಿತು. ಪೆನ್ನಿನ ಶಾಯಿ ಮುಗಿದಿತ್ತಷ್ಟೆ. ನಾನು ನನ್ನ ಪೆನ್ನು ಕೊಟ್ಟೆ. ನಲವತ್ತನ್ನೂ ಮುಗಿಸಿ, ಫೋನಿನ ಬಾಯಿ ಮುಚ್ಚಿಕೊಂಡು, "ಅಕ್ಷರ ಮುತ್ತು ಮುತ್ತು" ಎಂದು ಮೆಚ್ಚಿದ.

ಅಧಿಕಾರಿ ನಡುವಯಸ್ಸಿನ ಹೆಂಗಸು. ಹೆಗಲ ಚೀಲದ ಭಾರಕ್ಕೆ ಒಂದು ಕಡೆ ವಾಲಿ ನಡೆಯುತ್ತಿದ್ದರು. ಗಡಿಯಾರ ಕುರ್ಚಿ ಒರೆಸಿ ಕೂರಿಸಿದ, ಟೀ ತರಿಸಿದ, ಬೆಣ್ಣೆ ಹಚ್ಚಿದ. "ನಮ್ಮದು ಒಂದು ಕುಟುಂಬ ಇದ್ದ ಹಾಗೆ ಮೇಡಂ. ಪುಸ್ತಕ ನೋಡಿ, ನಿಮಗೇ ಗೊತ್ತಾಗುತ್ತೆ."

ಅವರು ಪುಸ್ತಕ ತೆರೆದರು. ಮೊದಲ ಪುಟ ಓದಿದರು. ಎರಡನೆಯದನ್ನು ನಿಧಾನಕ್ಕೆ ಓದಿದರು. ಟೀ ಲೋಟವನ್ನು ಕೆಳಗಿಟ್ಟರು.

"'ಹಾಲು ಬತ್ತೋಗುತ್ತೆ ಬಿಡು, ಎಲ್ಲಾರದೂ ಬತ್ತುತ್ತೆ.' ಇದು ನೀವು ಹೇಳಿದ್ದಾ?"

ಗಡಿಯಾರನ ಮುಖ ಇಂಗು ತಿಂದ ಮಂಗನ ಹಾಗಾಯಿತು. ಪುಸ್ತಕ ಎಳೆದುಕೊಂಡು ಒಂದು ಪುಟ, ಇನ್ನೊಂದು ಪುಟ ನೋಡಿದ. ಎಲ್ಲದರ ಕೆಳಗೂ ಅವನದೇ ಸಹಿ.

"ಇವಳು... ತಪ್ಪಾಗಿ ಬರೆದಿದ್ದಾಳೆ ಮೇಡಂ."

"ಸಹಿ ನಿಮ್ಮದೇ ಅಲ್ವಾ?"

"ಓದದೆ ಹಾಕಿದ್ದು."

"ಓದದೆ?"

ಎರಡರ ಗಂಟೆ ಹೊಡೆಯಿತು. ಹೊರಡುವ ಪಾಳಿಯವರೂ ಬರುವ ಪಾಳಿಯವರೂ ಬಾಗಿಲ ಬಳಿ ಸೇರಿಕೊಂಡರು. ಯಾರೂ ಮನೆಗೆ ಹೊರಡಲಿಲ್ಲ, ಯಾರೂ ಯಂತ್ರದ ಕಡೆ ಹೋಗಲಿಲ್ಲ.

ನಾನು ಬಗ್ಗಿ, ಮೇಜಿನ ಅಂಚನ್ನು ಹೆಗಲಿನಿಂದ ಎತ್ತಿ, ಮೂರು ಚೀಟಿಯನ್ನೂ ಎಳೆದೆ. ಮೇಜು ವಾಲಿತು. ಲೋಟ ಉರುಳಿ, ಟೀ ಐದು ಮುಖಗಳ ನಮೂನೆಯ ಮೇಲೆಲ್ಲ ಹರಿದು ಗಡಿಯಾರನ ತೊಡೆಗೆ ಇಳಿಯಿತು. ಅವನು ಎದ್ದು ನಿಂತ. ಕಪ್ಪಾದ ಚೀಟಿಗಳನ್ನು ಹೆಬ್ಬೆರಳಿನಿಂದ ಸವರಿ ಬಿಡಿಸಿ ಅಧಿಕಾರಿಯ ಕೈಗೆ ಕೊಟ್ಟೆ. ಅಕ್ಕನ ಅಕ್ಷರ ಅರ್ಧ ಅಳಿಸಿತ್ತು. ದಯವಿಟ್ಟು, ಬೆಳಿಗ್ಗೆ, ಡಾಕ್ಟರು ಎಂಬಷ್ಟು ಓದಬಹುದಿತ್ತು.

ಅವರು ಓದಿ ಪುಸ್ತಕದ ಮೇಲಿಟ್ಟರು. ನನ್ನ ಮುಖ ನೋಡಿದರು. ಆಮೇಲೆ ಬಾಗಿಲ ಬಳಿಯ ಗುಂಪನ್ನೂ ಕೈಯ ವಾಚನ್ನೂ ನೋಡಿದರು.

"ಇದೆಲ್ಲ ನಿಜಾನೇ ಇರಬಹುದಮ್ಮ" ಎಂದರು ಮೆತ್ತಗೆ. "ಆದ್ರೆ ಇದನ್ನ ನಾನು ಮೇಲಕ್ಕೆ ತಗೊಂಡು ಹೋದ್ರೆ ವಿಭಾಗದ ಹೆಸರೇ ಕೆಡುತ್ತೆ. ಮೊದಲು ನನ್ನನ್ನೇ ಕೇಳ್ತಾರೆ, ಇಷ್ಟು ವರ್ಷ ನೀವು ಏನು ನೋಡ್ತಿದ್ರಿ ಅಂತ. ನನ್ನ ಟ್ರೈನು ಐದಕ್ಕೆ. ಅಷ್ಟರಲ್ಲಿ ಇನ್ನೊಂದು ಪುಸ್ತಕ ಬರೆದುಬಿಡಿ, ಚಿಕ್ಕದಾಗಿ. ಇದನ್ನ ನಾನು ನೋಡಿಲ್ಲ ಅಂದ್ಕೊಳ್ಳೋಣ. ಇವರಿಗೆ ನಾನು ಬುದ್ಧಿ ಹೇಳ್ತೀನಿ."

ಇದನ್ನು ನಾನು ಎಣಿಸಿರಲಿಲ್ಲ. ಮೂರು ವರ್ಷ ನಾನು ಒಬ್ಬನ ಮೇಲೆ ಕಣ್ಣಿಟ್ಟಿದ್ದೆ. ಆ ಮೇಜಿಗೆ ನಾಲ್ಕು ಕಾಲು ಎಂಬುದು ಈಗ ಕಂಡಿತು.

ಗಡಿಯಾರನಿಗೆ ಜೀವ ಬಂತು. ಒದ್ದೆ ಪ್ಯಾಂಟಿನಲ್ಲೇ ಕಪಾಟಿನಿಂದ ಹೊಸ ಪುಸ್ತಕ ತೆಗೆದ. ನನ್ನ ಕಡೆ ನೋಡಲು ಆಗದೆ ಪೆನ್ನನ್ನು ಬಾಗಿಲಿನತ್ತ ಚಾಚಿದ. "ಕುಳ್ಳಿ, ನೀನು ಬಾ. ಬರಿ."

ಕುಳ್ಳಿ ದಿನಾ ಊಟದ ಬಿಡುವಿನಲ್ಲಿ ನಮಗೆಲ್ಲ ಪೇಪರ್ ಓದಿ ಹೇಳುವವಳು. "ನನಗೆ ಅಕ್ಷರ ಬರಲ್ಲ ಸಾರ್" ಅಂದಳು.

"ಮಾವ?"

"ನಾನು ಪೆನ್ನು ಹಿಡಿದ್ರೆ ಬಾಯ್ಲರ್ ಯಾರು ಕಾಯ್ತಾರೆ ಸಾರ್? ನಿಮ್ಮ ಮಗಳಾ?"

ಯಾರೋ ಕಿಸಕ್ಕೆಂದರು. ಪೆನ್ನು ಒಬ್ಬರಿಂದ ಒಬ್ಬರ ಕಡೆ ತಿರುಗಿತು. ಎಲ್ಲರೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. ಕೊನೆಗೆ ಅದು ನನ್ನ ಮುಂದೆಯೇ ಬಂತು.

"ಬರೀರಮ್ಮ" ಎಂದರು ಅಧಿಕಾರಿ. "ನಿಮ್ಮ ಕೈ ಅಕ್ಷರ ಚೆನ್ನಾಗಿದೆ. ನಿಮ್ಮ ಅಕ್ಕಂದು ಒಂದು ಸಾಲು, ಉಳಿದವರದು ನಾಲ್ಕು ಸಾಲು. ಒಪ್ಪಿಗೆ ಅಂತ ಹಾಕಿ, ಮುಗಿದುಹೋಗಲಿ."

ನಾನು ನನ್ನ ನಲವತ್ತು ಪುಟದ ಪುಸ್ತಕವನ್ನೂ ಅಕ್ಕನ ಚೀಟಿಗಳನ್ನೂ ಎತ್ತಿಕೊಂಡು ಕುಳ್ಳಿಯ ಕೈಗೆ ದಾಟಿಸಿದೆ. ಅವಳು ಮಾವನಿಗೆ, ಮಾವ ಹಿಂದಿನವರಿಗೆ. ಅದು ಕೈಯಿಂದ ಕೈಗೆ ಹೊರಗೆ ಹೋಗುವುದನ್ನು ಗಡಿಯಾರ ನೋಡುತ್ತಾ ನಿಂತ. ಪೆನ್ನು ಇನ್ನೂ ನನ್ನ ಮುಂದೆ ಚಾಚಿಕೊಂಡೇ ಇತ್ತು.

"ಬರೆಯಲ್ಲ" ಎಂದೆ.