ನೀರುಗಂಟಿ ಖಲ್ಫಾನನ ಪಾಳಿ

ಅಣ್ಣನ ಬಲಹೆಗಲಿನ ಮೇಲೆ ನೀರು ಸುರಿಯುತ್ತಿದ್ದ ಹಮ್ಯಾರ್ ಚೊಂಬನ್ನು ಅರ್ಧಕ್ಕೇ ತಡೆದ.

"ಸುರಿಯೋ," ಎಂದ ಜೊತೆಗೆ ಕೈಹಚ್ಚಿದ್ದ ಹಿಲಾಲ್. "ಇವತ್ತು ಸಂಜೆಮುಂದಿನ ಅಸರ್ ನಮಾಜಿನ ತನಕ ನನ್ನ ಪಾಳಿ ನೀರು. ಎಷ್ಟು ಬೇಕೋ ಅಷ್ಟು ತಗೋ. ಜಾಸ್ತಿ ಆಯ್ತು ಅಂತ ಇವನೇ ಎದ್ದು ಬೈಯಬೇಕು, ಅಷ್ಟೆ."

ಸತ್ತವರ ಮೈ ತೊಳೆಯುವ ಆ ಕಲ್ಲುಮನೆಯೊಳಗಿಂದಲೇ ಕಾಲುವೆ ಹಾದು ತೋಟಗಳಿಗೆ ಹೋಗುತ್ತಿತ್ತು. ಚಪ್ಪಡಿಯ ಮೇಲೆ ಮಲಗಿದ್ದ ಖಲ್ಫಾನ್ ಊರಿನ ನೀರುಗಂಟಿ. ಅಂಗಳದಲ್ಲಿ ನೆಟ್ಟ ಕೋಲಿನ ನೆರಳು ಗೆರೆ ಮುಟ್ಟಿದರೆ ಸಾಕು, ಒಬ್ಬನ ತೋಟದ ಮಡೆ ಮುಚ್ಚಿ ಇನ್ನೊಬ್ಬನ ತೋಟಕ್ಕೆ ನೀರು ತಿರುಗಿಸುವವನು. ಅವನ ಹತ್ತಿರ ದಾಕ್ಷಿಣ್ಯ ನಡೆಯುತ್ತಿರಲಿಲ್ಲ. ಹೆಂಡತಿಯ ತವರಿನ ಖರ್ಜೂರದ ತೋಟಕ್ಕೂ ಒಂದು ಚೊಂಬು ಹೆಚ್ಚಿಗೆ ಬಿಟ್ಟವನಲ್ಲ. ಮಾವ ಸಾಯುವ ತನಕ ಅಳಿಯನ ಜೊತೆ ಊಟಕ್ಕೆ ಕೂರಲಿಲ್ಲ. ಊರು ಅವನನ್ನು ಬೈದುಕೊಂಡೇ ನಂಬಿತ್ತು.

"ಇನ್ನೊಂದು ವಾರ ಕಾದಿದ್ರೆ ಎದ್ದು ಬೈತಾನೂ ಇದ್ದ," ಎಂದ ಹಮ್ಯಾರ್. "ಹಾವಿನ ವಿಷ ಇಳಿದೇ ಹೋಗಿತ್ತು. ಕಿಡ್ನಿ ಮಾತ್ರ ಮಲಗಿತ್ತು. ಮಲಗಿದ್ದು ಏಳ್ತಿರಲಿಲ್ವಾ? ಆ ಹುಡುಗಿ ಮಷೀನು ನಿಲ್ಲಿಸಿಬಿಟ್ಟಳು."

"ಹೆತ್ತ ಮಗಳು ಕಣೋ. ಅವಳಿಗೆ ಸಂಕಟ ಇಲ್ವಾ?"

ಹಮ್ಯಾರ್ ಮತ್ತೊಂದು ಚೊಂಬು ಮೊಗೆದ.

*

ಮಸ್ಕತ್ತಿನ ಆಸ್ಪತ್ರೆಯಲ್ಲಿದ್ದಷ್ಟು ದಿನ ಹಗಲು ಕೂಡ ಕನಸಿನ ಹಾಗೇ ಇತ್ತು. ಡಯಾಲಿಸಿಸ್ ಯಂತ್ರ ಒಂದೇ ರಾಗ ಎಳೆಯುತ್ತಿದ್ದರೆ ಖಲ್ಫಾನನ ಮಗಳು ರಾಯಾಳಿಗೆ ಎಚ್ಚರವೋ ತೂಕಡಿಕೆಯೋ ತಿಳಿಯುತ್ತಿರಲಿಲ್ಲ. ಅಪ್ಪ ಅರೆಗಣ್ಣು ತೆರೆದು ಕೊಳವೆಗಳನ್ನು ದಿಟ್ಟಿಸುತ್ತಿದ್ದ, ಯಾವುದು ಯಾರ ತೋಟಕ್ಕೆ ಎಂದು ಹುಡುಕುವವನಂತೆ. ಕಾಲುವೆಯ ಹೂಳು ತೆಗೆಯುವಾಗ ಹಾವು ಕಚ್ಚಿದ್ದ ಕಾಲು ಬಟ್ಟೆಯಡಿ ಬೆಚ್ಚಗಿತ್ತು.

ಡಾಕ್ಟರಮ್ಮ ಅವಳ ಪಕ್ಕದಲ್ಲೇ ಕೂತು ಹೇಳಿದಳು. "ಇಂಥ ಕಿಡ್ನಿ ಎಷ್ಟೋ ಸಲ ಕೆಲವು ವಾರದಲ್ಲಿ ಎಚ್ಚರಾಗುತ್ತಮ್ಮ. ಆ ಆಸೆಗೇ ನಡೆಸ್ಕೊಂಡು ಬಂದ್ವಿ. ಇನ್ನೂ ಮೂತ್ರ ಬಂದಿಲ್ಲ. ರಕ್ತಕ್ಕೆ ನಂಜು ಬೇರೆ ಏರಿದೆ, ಮಷೀನ್‌ಗೆ ಹಾಕಿದಾಗೆಲ್ಲ ಹೃದಯ ಸೋಲ್ತಿದೆ. ಮುಂದುವರಿಸಿದ್ರೆ ಎಚ್ಚರಾಗಲೂಬಹುದು, ಮಷೀನ್ ಮೇಲೇ ಹೋಗಿಬಿಡಲೂಬಹುದು. ಅವರಿಗೆ ಪೂರ್ತಿ ಎಚ್ಚರ ಇದ್ದಿದ್ರೆ ಏನು ಹೇಳ್ತಿದ್ರು ಅನ್ನೋದು ನಮಗಿಂತ ನಿಮಗೆ ಗೊತ್ತು."

ರಾಯಾಳಿಗೆ ಗೊತ್ತಿರಲಿಲ್ಲ. ಅಪ್ಪನ ಕಿವಿಯ ಹತ್ತಿರ ಬಾಗಿದಳು. "ಅಪ್ಪಾ, ಇನ್ನೂ ನಡೆಸೋಣ್ವಾ? ಸಾಕಾ?"

ಅವನು ಸ್ಪಷ್ಟವಾಗಿಯೇ ಹೇಳಿದ. "ಪಾಳಿ ಮುಗೀತು. ಮುಚ್ಚು. ಮುಂದಿನವರು ಕಾಯ್ತಿದಾರೆ."

ಅವಳು ಬಿಕ್ಕಿ ಬಿಕ್ಕಿ ಅತ್ತಳು. ಆದರೂ ಒಳಗೊಳಗೆ ಹಗುರವಾಯಿತು, ನಿರ್ಧಾರ ತನ್ನದಲ್ಲವಲ್ಲ.

*

ಮಣ್ಣು ಮಾಡಿ ಬಂದ ಹಮ್ಯಾರ್ ಅತ್ತಿಗೆಯನ್ನು ಮಾತಾಡಿಸಲು ಬಾಗಿಲಿಗೆ ಬಂದ. ಜುವೈನಾ ಗೋಡೆಗೊರಗಿದ್ದಳು. ಯಾರೋ ಕೊಟ್ಟ ಕಾಫಿ ಆರಿಹೋಗಿತ್ತು. ರಾಯಾ ಅಮ್ಮನ ಪಕ್ಕದಿಂದ ಎದ್ದು ನಿಂತಳು.

"ಚಿಕ್ಕಪ್ಪಾ, ನನ್ನ ಮುಖ ನೋಡಿ ಮಾತಾಡು. ನಿಲ್ಲಿಸು ಅಂದಿದ್ದು ಅಪ್ಪಾನೇ. ಪಾಳಿ ಮುಗೀತು, ಮುಚ್ಚು ಅಂದ. ಕಿವಿಯಾರೆ ಕೇಳಿದೀನಿ."

ಹಮ್ಯಾರ್ ಬಾಯಿ ತೆರೆಯುವ ಮೊದಲೇ ಜುವೈನಾ ನಕ್ಕಳು, ಅಳುವಿನ ನಡುವೆ ತಡೆಯಲಾರದೆ ಬಂದ ನಗು. "ಅಯ್ಯೋ ಮಗಳೇ, ಅದನ್ನ ಮದುವೆಯಾದಾಗಿಂದ ನಿದ್ದೆಗಣ್ಣಲ್ಲಿ ದಿನಾ ಹೇಳ್ತಿದ್ದ! ನಾನು 'ಮುಚ್ಚಿದೀನಿ, ಮಲಕ್ಕೋ' ಅಂದ್ರೆ ಮಗ್ಗುಲಾಗ್ತಿದ್ದ."

ರಾಯಾಳಿಗೆ ಆಗ ಹೊಳೆಯಿತು. ಅಪ್ಪ ತನ್ನ ಮಾತು ಕೇಳಿಸಿಕೊಂಡೇ ಇರಲಿಲ್ಲ. ಯಾರದೋ ತೋಟದ ಮಡೆ ಮುಚ್ಚಿಸುತ್ತಿದ್ದ. ಹಾಗಾದರೆ ನಿಲ್ಲಿಸಿದವಳು ತಾನೇ.

"ಕೇಳ್ತಾ?" ಎಂದ ಹಮ್ಯಾರ್. "ಕನವರಿಕೆ ನಂಬ್ಕೊಂಡು ನನ್ನ ಅಣ್ಣನ್ನ ಕಳಿಸಿಬಿಟ್ಟೆ." ಬೆನ್ನು ತಿರುಗಿಸಿ ಹೊರಟುಹೋದ.

ಜುವೈನಾಳ ನಗು ಆಗ ನಿಂತಿತು. ಮಗಳ ಸೆರಗು ಹಿಡಿದೆಳೆದು ಕೂರಿಸಿಕೊಂಡಳು. "ಅಲ್ಲಿ ನಾನಿದ್ದಿದ್ರೂ 'ಮುಚ್ಚಿದೀನಿ, ಮಲಕ್ಕೋ' ಅಂತಲೇ ಅಂತಿದ್ದೆ ಕಣೆ," ಎಂದಳು. ರಾಯಾಳಿಗೆ ಅದು ಸಮಾಧಾನ ತರಲಿಲ್ಲ.

*

ಬೈಸಿಕೊಂಡಾದರೂ ಸರಿ, ಚಿಕ್ಕಪ್ಪನ ಜೊತೆ ಮಾತು ಮುಗಿಸಬೇಕೆಂದು ಅವಳು ಕಾಲುವೆಗೆ ಬಂದಾಗ ಅಸರ್ ಕಳೆದು ಬಹಳ ಹೊತ್ತಾಗಿತ್ತು. ಅಣ್ಣ ಆಸ್ಪತ್ರೆ ಸೇರಿದಾಗಿನಿಂದ ನೀರು ನೋಡಿಕೊಳ್ಳುತ್ತಿದ್ದವನು ಹಮ್ಯಾರನೇ. ಈಗ ಮೊಣಕಾಲುದ್ದ ನೀರಲ್ಲಿ, ಮಡೆಗೆ ಇಡಬೇಕಾದ ಕಲ್ಲನ್ನು ತಬ್ಬಿಕೊಂಡು ನಿಂತಿದ್ದ. ಹಿಲಾಲನ ತೋಟ ತುಂಬಿ ನೀರು ದಾರಿಗೆ ಹರಿಯುತ್ತಿತ್ತು. ಮುಂದಿನ ಪಾಳಿಯ ಮುದುಕಿ ಶಮ್ಮಾ ದಂಡೆಯ ಮೇಲೆ ಕೂತಿದ್ದಳು. ಒಂದು ಗಳಿಗೆ ತಡವಾದರೂ ಊರಿಗೇ ಕೇಳುವಂತೆ ಬೈಯುವವಳು ಇವತ್ತು ತುಟಿ ಬಿಚ್ಚಿರಲಿಲ್ಲ.

"ಚಿಕ್ಕಪ್ಪಾ, ಹೊತ್ತು ಮೀರಿದೆ."

"ಗೊತ್ತು."

"ಮತ್ತೆ?"

"ಇನ್ನೊಂದು ಚೂರು ಹೋಗ್ಲಿ ಅಂತ..." ಅವನು ಕಲ್ಲನ್ನು ಇನ್ನಷ್ಟು ಬಿಗಿಯಾಗಿ ಅವುಚಿಕೊಂಡ. "ಕೈ ಏಳ್ತಿಲ್ಲ ರಾಯಾ."

ಹೇಳಬೇಕೆಂದುಕೊಂಡು ಬಂದದ್ದು ಬಹಳವಿತ್ತು. ಅವಳು ನೀರಿಗಿಳಿದು ಕಲ್ಲಿನ ಇನ್ನೊಂದು ಅಂಚು ಹಿಡಿದಳು. ಇಬ್ಬರೂ ಸೇರಿ ಅದನ್ನು ಮಡೆಗೆ ಇಳಿಸಿದರು. ಎರಡು ಕಡೆಯ ಸಂದಿಯಿಂದಲೂ ನೀರು ಚಿಮ್ಮುತ್ತಲೇ ಇತ್ತು.

ಹಮ್ಯಾರ್ ತಲೆಯ ರುಮಾಲು ಬಿಚ್ಚಿದ. ಹಲ್ಲಲ್ಲಿ ಕಚ್ಚಿ ಎರಡು ಭಾಗ ಮಾಡಿ ಒಂದನ್ನು ಅವಳ ಕೈಗಿಟ್ಟ. ಬಗ್ಗಿ ತನ್ನ ಕಡೆಯ ಸಂದಿಗೆ ಅವನು ತುರುಕತೊಡಗಿದ, ತನ್ನ ಕಡೆಯದಕ್ಕೆ ಅವಳು.