ನೇರಳೆ ಮರಕ್ಕೆ ಮೊದಲ ಏಟು

ಕೊಡಿಗೇಹಳ್ಳಿಯ ನೇರಳೆ ಮರವನ್ನು ಶುಕ್ರವಾರ ರಸ್ತೆ ಕಂಟ್ರಾಕ್ಟರ ಆಳುಗಳು ಬುಡಕ್ಕೇ ಕಡಿದು ಉರುಳಿಸಿದರು. ಅನುಮತಿ ಇದ್ದದ್ದು ಕೊಂಬೆ ಟ್ರಿಮ್ ಮಾಡಲು ಮಾತ್ರ.

ಮರ ನೆಟ್ಟವರು ಸೊಪ್ಪು ಮಾರುವ ಗೋಪಾಲಮ್ಮನ ಅತ್ತೆ. ನೆಟ್ಟ ಮನೆಯವರು ಕುಂಕುಮವಿಟ್ಟು, ತಪ್ಪಾಯಿತೆಂದು ಕೈಮುಗಿದು ಮೊದಲ ಏಟು ಹಾಕದೆ ಅಲ್ಲಿ ಯಾರೂ ಮರಕ್ಕೆ ಮಚ್ಚು ಮುಟ್ಟಿಸುತ್ತಿರಲಿಲ್ಲ. ರಸ್ತೆ ಅಗಲ ಮಾಡುತ್ತಾರೆಂಬ ಸುದ್ದಿ ಹಬ್ಬಿದ್ದೇ ಗೋಪಾಲಮ್ಮ ಸೊಪ್ಪಿನ ಬುಟ್ಟಿ ಇಟ್ಟುಕೊಂಡು ಬುಡದಲ್ಲೇ ಕೂತಳು. ಯಾರು ಕೇಳಿದರೂ ಆ ಏಟು ಹಾಕಿಕೊಡಲಿಲ್ಲ.

ಅವಳನ್ನು ಕರಗಿಸಿದವರು ವಿಜಯಕುಮಾರ ಮೇಷ್ಟ್ರು. ಗದಗಿನ ಕಡೆಯವರು, ಕಾಲೇಜಿನಲ್ಲಿ ಇಂಗ್ಲಿಷ್ ಪಾಠ. ಭಾನುವಾರದ ಓದುಬಳಗದಲ್ಲಿ, ಅರವತ್ತು ದಾಟಿದ ಮೇಲೆ, ಅವಳಿಗೆ ಅಕ್ಷರ ಕಲಿಸಿದವರೂ ಅವರೇ. ಅನುಮತಿ ಪತ್ರ ತೋರಿಸಿ, ಡಿಕ್ಷನರಿ ಬಿಡಿಸಿ, ಟ್ರಿಮ್ ಎಂಬ ಮಾತಿನ ಹುಟ್ಟು ಹೇಳಿದರು. ಸಾವಿರ ವರ್ಷದ ಹಿಂದೆ ಅದಕ್ಕೆ ಕತ್ತರಿಸುವ ಅರ್ಥವೇ ಇರಲಿಲ್ಲವಂತೆ. ಗಟ್ಟಿಮಾಡು, ಬಲ ತುಂಬು ಎಂದಿತ್ತಂತೆ. ಮುಂದೆ ಹಡಗನ್ನು ಪಯಣಕ್ಕೆ ಅಣಿಮಾಡುವುದಕ್ಕೂ ಅದೇ ಮಾತಾಗಿ, ಹೆಚ್ಚಾದದ್ದನ್ನು ಸವರಿ ಒಪ್ಪಮಾಡುವುದು ಆಮೇಲೆ ಬಂದದ್ದಂತೆ.

“ಗಿಡ ಗಟ್ಟಿ ಆಗ್ಲಿ ಅಂತನ ಟೊಂಗಿ ಸವರೋದ್ರೀ, ಅಕ್ಕಾರ.”

ಅಕ್ಷರ ಕೊಟ್ಟವರ ಮಾತು. ಗೋಪಾಲಮ್ಮ ಕೆಳಗಿನ ಕೊಂಬೆಗೆ ಮಚ್ಚು ತಾಗಿಸಿದಳು. ಮೇಷ್ಟ್ರು ಫೋನಿನಲ್ಲಿ ಫೋಟೋ ಹಿಡಿದು, ಇನ್ನು ಊಟ ಮಾಡಿ ಬನ್ನಿ ಎಂದು ಕಳಿಸಿದರು. ಅವಳು ಮುದ್ದೆ ಉಂಡು ಕೈ ತೊಳೆಯುವಷ್ಟರಲ್ಲಿ ಮರ ಬಿದ್ದ ಸದ್ದು ಮನೆಯವರೆಗೂ ಕೇಳಿತು.

ಭಾನುವಾರದ ಹೊತ್ತಿಗೆ ಕಂಟ್ರಾಕ್ಟರ ಮೇಲೆ ಯಾರೋ ದೂರು ಕೊಟ್ಟಾಗಿತ್ತು. ಮೇಷ್ಟ್ರು ಬಳಗಕ್ಕೆ ಒಂದು ಹಾಳೆ ತಂದರು. ತಾವೇ ಓದಿ ಹೇಳಲು ಹೊರಟಾಗ ಗೋಪಾಲಮ್ಮ ಅದನ್ನು ಕಸಿದುಕೊಂಡು ಕೂಡಿಸಿ ಕೂಡಿಸಿ ಓದಿದಳು. ನೆಟ್ಟ ಮನೆಯವರೇ ಮೊದಲ ಏಟು ಹಾಕಿ ಮರ ಕಡಿಯಲು ಒಪ್ಪಿದ್ದಾರೆ ಎಂದಿತ್ತು. ಕೆಳಗೆ ಅವಳ ಫೋಟೋ.

“ಅವತ್ತೇ ಗೊತ್ತಿತ್ತಾ ನಿಮ್ಗೆ?”

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು. “ಗೊತ್ತಿತ್ರೀ. ಹೇಳಿದ್ರ ನೀವು ಏಟು ಹಾಕ್ತಿದ್ರೇನು?”

ಮರ ಹೇಗೂ ಹೋಗುವುದೇ ಇತ್ತು, ದೂರಿನಿಂದ ಪಾರು ಮಾಡಿದರೆ ಕಂಟ್ರಾಕ್ಟರು ಬಳಗಕ್ಕೊಂದು ಕೋಣೆ ಕಟ್ಟಿಸಿಕೊಡುತ್ತಾರೆ ಎಂದು ತಗ್ಗಿದ ದನಿಯಲ್ಲಿ ಹೇಳಿದರು. ಗೋಪಾಲಮ್ಮ ಪಕ್ಕದಲ್ಲಿದ್ದ ಹೆಂಗಸರ ಕಡೆ ತಿರುಗಿದಳು. ಯಾರೂ ತಲೆ ಎತ್ತಲಿಲ್ಲ. ಕೋಣೆಯ ಮಾತು ಅವರಿಗೆ ಹೊಸದಾಗಿರಲಿಲ್ಲ.

“ಸೈನ್ ಮಾಡ್ರಿ. ನಾನ ಕಲಿಸೇನಲ್ಲ,” ಎಂದು ಮೇಷ್ಟ್ರು ಪೆನ್ನು ಮುಂದಿಟ್ಟರು.

ಗೋಪಾಲಮ್ಮ ಪೆನ್ನನ್ನು ಅವರ ಕಡೆಗೇ ಸರಿಸಿದಳು.

“ಕಲಿಸ್ದೋರು ನೀವೇ ಮೇಷ್ಟ್ರೇ. ಅದಕ್ಕೇ ಓದ್ಕಂಡೆ. ನಾನ್ ಸೈನ್ ಆಕಲ್ಲ.”